ಪೈಥಾನ್ ‘ಕನ್ನಡ’ ಪದವನ್ನು ಎರಡು ತುಂಡು ಮಾಡುತ್ತಿದೆ. ಇದು ಬಗ್ಗಾ, ನನ್ನ ತಪ್ಪಾ?

ಮಲ್ಲಿಗೆ_ಹಂಬು (ಶುಕ್ರವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ನಾನು ಕನ್ನಡ ಎಂ.ಎ. ಮಾಡಿದವಳು, ಈಗ ಸಂಶೋಧನೆಗೆ ಬೇಕು ಅಂತ ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೇನೆ. ಹಳೇ ಪತ್ರಿಕಾ ಲೇಖನಗಳಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸುವ ಒಂದು ಚಿಕ್ಕ ಪ್ರೋಗ್ರಾಂ ಬರೆದೆ. ಸುಮಾರು 2,000 ಲೇಖನಗಳಿವೆ. ಪದ ಬಿಡಿಸಲು ರೆಗ್ಯುಲರ್ ಎಕ್ಸ್‌ಪ್ರೆಶನ್‌ನ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ‘\ಡಬ್ಲ್ಯೂ’ ಬಳಸಿದೆ, ಅಂದರೆ ‘ಪದದಲ್ಲಿ ಬರುವ ಅಕ್ಷರ’. ಎಲ್ಲ ಪಾಠಗಳಲ್ಲೂ ಹಾಗೇ ಹೇಳಿಕೊಟ್ಟಿದ್ದಾರೆ.

ಪಟ್ಟಿಯ ಮೇಲ್ಗಡೆ ಬಂದಿದ್ದು ‘ದ’, ‘ರ’, ‘ತ’, ‘ಗಳ’. ಇವು ಪದಗಳೇ ಅಲ್ಲ. ‘ಮತ’ ಅನ್ನುವುದು ಮೇಲೆ ಬಂದಿದ್ದು ಮಾತ್ರ ಅರ್ಥವಾಯಿತು, ತುಂಬಾ ಲೇಖನಗಳು ಚುನಾವಣೆ ಕಾಲದವು. ಅದರ ಬಗ್ಗೆ ಒಂದು ಪ್ಯಾರಾ ಬರೆದು ನನ್ನ ಗೈಡ್‌ಗೂ ಕಳಿಸಿದೆ. ಉಳಿದ ಕಸ ಎಲ್ಲಿಂದ ಬಂತು? ಇದು ಪೈಥಾನ್‌ನ ಬಗ್ಗಾ? ಬಗ್ ಆದರೆ ಯಾರಿಗೆ ಹೇಳಬೇಕು? ಪೈಥಾನ್ 3.12, ವಿಂಡೋಸ್ 11.

ಬೈಟು_ಕಾಫಿ (ಶುಕ್ರವಾರ, ರಾತ್ರಿ 9:52)

‘ಗಳ’ ಪದ ಅಲ್ಲ ಅಂತ ಯಾರು ಹೇಳಿದ್ದು? ನಮ್ಮ ಕಡೆ ಬಿದಿರಿನ ಉದ್ದ ಕೋಲಿಗೆ ಗಳ ಅಂತಲೇ ಹೇಳ್ತೀವಿ. ನಿಮ್ಮ ಪತ್ರಿಕೆಯವರು ಬಿದಿರಿನ ಬಗ್ಗೆ ಜಾಸ್ತಿ ಬರೆದಿರಬೇಕು.

ಹಳೇ_ಪೆಂಗ್ವಿನ್ (ಶುಕ್ರವಾರ, ರಾತ್ರಿ 10:15)

ಮೇಡಂ, ಮೊದಲು ಆ 2,000 ಲೇಖನಗಳನ್ನು ಪಕ್ಕಕ್ಕಿಡಿ. ಅಷ್ಟು ದೊಡ್ಡ ಗಂಟನ್ನು ಯಾರಿಗೆ ಕೊಟ್ಟರೂ ಬಿಚ್ಚಿ ನೋಡುವುದಿಲ್ಲ. ಒಂದೇ ಒಂದು ಪದ ಆರಿಸಿ. ನಿಮ್ಮ ಫೈಲ್, ನಿಮ್ಮ ಲೂಪ್, ನಿಮ್ಮ ಎಣಿಕೆ ಏನೂ ಇಲ್ಲದೆ, ಎರಡೇ ಸಾಲಿನಲ್ಲಿ ತೊಂದರೆ ಕಾಣಿಸುತ್ತದಾ ನೋಡಿ. ‘ಹೀಗೆ ಕೊಟ್ಟೆ, ಇದು ಬಂತು, ಇದು ಬರಬೇಕಿತ್ತು.’ ಈ ಮೂರು ಮಾತು ಸಾಕು. ನಾನು ನೋಡಿದ ಹಾಗೆ ಅರ್ಧಕ್ಕರ್ಧ ಬಗ್‌ಗಳು ಚಿಕ್ಕದು ಮಾಡುವಾಗಲೇ ಸಿಕ್ಕಿಬೀಳುತ್ತವೆ. ಅಥವಾ ನಮ್ಮದೇ ತಪ್ಪು ಅಂತ ಗೊತ್ತಾಗಿ ನಾವೇ ಸುಮ್ಮನಾಗುತ್ತೇವೆ.

ಮಲ್ಲಿಗೆ_ಹಂಬು (ಶುಕ್ರವಾರ, ರಾತ್ರಿ 10:48)

ಮಾಡಿದೆ ಸರ್. ಲೇಖನ ಬೇಡ, ಫೈಲ್ ಬೇಡ. ‘ಕನ್ನಡ’ ಅಂತ ಒಂದೇ ಪದ ಕೊಟ್ಟೆ.

ಕೊಟ್ಟಿದ್ದು: ಕನ್ನಡ
ಬಂದಿದ್ದು: ‘ಕನ’, ‘ನಡ’
ಬರಬೇಕಿದ್ದದ್ದು: ‘ಕನ್ನಡ’

‘ಬೆಂಗಳೂರು’ ಕೊಟ್ಟರೆ ‘ಬ’, ‘ಗಳ’, ‘ರ’ ಬಂತು. ‘ಮನೆಗಳು’ ಕೊಟ್ಟರೆ ‘ಮನ’, ‘ಗಳ’. ಆದರೆ ‘ಕಮಲ’ ಕೊಟ್ಟರೆ ಸರಿಯಾಗಿ ‘ಕಮಲ’ ಅಂತಲೇ ಬರುತ್ತದೆ! ಅಂದರೆ ಕಾಗುಣಿತ, ಒತ್ತಕ್ಷರ ಬಂದ ಕಡೆ ಕತ್ತರಿಸುತ್ತಿದೆ ಅಲ್ವಾ?

ಅರ್ಧವಿರಾಮ (ಶುಕ್ರವಾರ, ರಾತ್ರಿ 11:20)

ಸರಿಯಾಗಿ ಹಿಡಿದಿದ್ದೀರಿ. ಕಂಪ್ಯೂಟರಿಗೆ ‘ಕನ್ನಡ’ ಅಂದರೆ ಐದು ತುಂಡು: ಕ, ನ, ವಿರಾಮ (ಅರ್ಧಾಕ್ಷರದ ಗುರುತು), ನ, ಡ. ಪೈಥಾನ್‌ನಲ್ಲಿ ಉದ್ದ ಕೇಳಿ ನೋಡಿ, 5 ಅನ್ನುತ್ತದೆ. ಎಲ್ಲ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಈ ತುಂಡುಗಳಿಗೆ ಜಾತಿ ಕೊಟ್ಟಿದೆ. ಕ, ನ, ಡ ಎಲ್ಲ ‘ಅಕ್ಷರ’. ವಿರಾಮ, ಇಕಾರ, ಉಕಾರ, ಅನುಸ್ವಾರ ಎಲ್ಲ ‘ಗುರುತು’. ಪೈಥಾನ್‌ನ ‘\ಡಬ್ಲ್ಯೂ’ ಕೇಳುವುದು ಒಂದೇ ಪ್ರಶ್ನೆ: ನೀನು ಅಕ್ಷರವಾ, ಅಂಕಿಯಾ, ಅಥವಾ ಅಂಡರ್‌ಸ್ಕೋರಾ? ಗುರುತುಗಳು ಈ ಮೂರೂ ಅಲ್ಲ. ಹಾಗಾಗಿ ಹೊರಗೆ.

ಸ್ಟ್ರಿಂಗ್‌ನ ‘ಈಸ್‌ಆಲ್ಫಾ’ದಲ್ಲೂ ಇದೇ ಕಥೆ. ‘ಕನ್ನಡ’ ಪೂರ್ತಿ ಅಕ್ಷರಗಳೇನಪ್ಪ ಅಂತ ಕೇಳಿದರೆ ‘ಫಾಲ್ಸ್’ ಅನ್ನುತ್ತದೆ. ಒಂದನೇ ಕ್ಲಾಸಿನ ಮೊದಲ ತಿಂಗಳ ಪದಗಳು ಮಾತ್ರ ಪಾಸ್: ಅರಸ, ಆಟ, ಓಟ, ಕಮಲ. ಕಾಗುಣಿತ ಶುರುವಾದ ಕೂಡಲೇ ಫೇಲ್.

ತಮಾಷೆ ಏನೆಂದರೆ, ಅದೇ ಪೈಥಾನ್‌ನಲ್ಲಿ ‘ಕನ್ನಡ’ ಅನ್ನುವ ಹೆಸರಿನ ವೇರಿಯಬಲ್ ಇಡಬಹುದು. ಪೈಥಾನ್ 3.0ರಿಂದ, ಅಂದರೆ 2008ರಿಂದ, ಪೆಪ್ 3131 (ಪೆಪ್ ಅಂದರೆ ಪೈಥಾನ್‌ನ ಸುಧಾರಣಾ ಪ್ರಸ್ತಾವ) ಪ್ರಕಾರ ಇದಕ್ಕೆ ಅನುಮತಿ ಇದೆ. ಅಲ್ಲಿ ಯೂನಿಕೋಡ್‌ನ ಬೇರೆ ನಿಯಮ ಬಳಸಿದ್ದಾರೆ, ಅದರಲ್ಲಿ ಗುರುತುಗಳೂ ಸೇರಿವೆ. ಅಂದರೆ ಒಂದು ಕೈ ‘ಕನ್ನಡ’ ಒಂದು ಹೆಸರು ಎಂದು ಒಪ್ಪುತ್ತದೆ, ಇನ್ನೊಂದು ಕೈ ಅದು ಒಂದು ಪದವೇ ಅಲ್ಲ ಅನ್ನುತ್ತದೆ.

ರಾತ್ರಿಪಾಳಿ (ಶನಿವಾರ, ಬೆಳಗಿನ ಜಾವ 2:05)

ಈ ‘ಈಸ್‌ಆಲ್ಫಾ’ದಿಂದ ನಾನೂ ಪೆಟ್ಟು ತಿಂದಿದ್ದೇನೆ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಂದು ಅರ್ಜಿ ಫಾರ್ಮ್ ಇತ್ತು. ಹೆಸರಿನಲ್ಲಿ ಅಕ್ಷರ ಮಾತ್ರ ಇರಬೇಕು ಅಂತ ಯಾರೋ ಚೆಕ್ ಹಾಕಿದ್ದರು. ಇಂಗ್ಲಿಷ್‌ನಲ್ಲಿ ಟೆಸ್ಟ್ ಮಾಡಿ ಬಿಟ್ಟರು. ಕನ್ನಡದಲ್ಲಿ ಹೆಸರು ಬರೆಯುವವರು ಬಂದಾಗ ಕಮಲ, ಭರತ ಒಳಗೆ ಹೋದರು. ಗಿರೀಶ, ಸುಮಾ ಹೊರಗೆ ನಿಂತರು. ಮೂರು ವಾರ ಯಾರಿಗೂ ತಲೆಬುಡ ಗೊತ್ತಾಗಲಿಲ್ಲ, ಯಾಕೆಂದರೆ ‘ಕೆಲವರಿಗೆ ಆಗ್ತಿದೆ, ಕೆಲವರಿಗೆ ಆಗ್ತಿಲ್ಲ’ ಅಂತಷ್ಟೇ ದೂರು ಬರುತ್ತಿತ್ತು. ಯಾವ ಹೆಸರಿಗೆ ಆಗಲಿಲ್ಲ ಅಂತ ಒಬ್ಬರೂ ಬರೆದಿರಲಿಲ್ಲ.

ಬಗ್ ವರದಿ ಮಾಡಿ ಮೇಡಂ. ಆದರೆ ಸರಿಮಾಡುತ್ತಾರೆ ಅಂತ ಕಾಯಬೇಡಿ.

ಹಳೇ_ಪೆಂಗ್ವಿನ್ (ಶನಿವಾರ, ಬೆಳಿಗ್ಗೆ 7:30)

ಹೊಸದಾಗಿ ವರದಿ ಮಾಡಬೇಡಿ. ಮೊದಲು ಹುಡುಕಿ. ಇದು ಆಗಲೇ ವರದಿಯಾಗಿದೆ, ಅದೂ ಎರಡು ಸಲ. ಮೊದಲನೆಯದು 2007ರದ್ದು, ಸಂಖ್ಯೆ 1693050. ‘ರೋಮನ್ ಅಲ್ಲದ ಲಿಪಿಗಳಿಗೆ \ಡಬ್ಲ್ಯೂ ಉಪಯೋಗಕ್ಕೆ ಬರುವುದಿಲ್ಲ’ ಎಂಬ ಅರ್ಥದ ತಲೆಬರಹ. ಎರಡನೆಯದು 2011ರಲ್ಲಿ ಪರ್ಲ್ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯ ಲೋಕದ ಟಾಮ್ ಕ್ರಿಶ್ಚಿಯನ್ಸನ್ ಹಾಕಿದ್ದು, ಸಂಖ್ಯೆ 12731. ಯೂನಿಕೋಡ್‌ನವರೇ ರೆಗ್ಯುಲರ್ ಎಕ್ಸ್‌ಪ್ರೆಶನ್‌ಗೆ ನಿಯಮ ಬರೆದಿದ್ದಾರೆ, ಪೈಥಾನ್ ಅದನ್ನು ಮುರಿಯುತ್ತಿದೆ ಎಂದು ಅವರ ವಾದ.

ಸಂಖ್ಯೆ ನೋಡಿ ಗೊಂದಲ ಆಗಬಹುದು. 2007ರದ್ದಕ್ಕೆ ಏಳು ಅಂಕಿ, 2011ರದ್ದಕ್ಕೆ ಐದೇ ಅಂಕಿ. ಇದು ಮನೆ ಬದಲಿಸಿದ ಕಥೆ. ಪೈಥಾನ್‌ನ ಬಗ್‌ಗಳು ಮೊದಲು ಸೋರ್ಸ್‌ಫೋರ್ಜ್ ಎಂಬ ಜಾಲತಾಣದಲ್ಲಿದ್ದವು. ಅಲ್ಲಿ ಎಲ್ಲ ಪ್ರಾಜೆಕ್ಟ್‌ಗಳಿಗೂ ಸೇರಿ ಒಂದೇ ಎಣಿಕೆ, ಹಾಗಾಗಿ ದೊಡ್ಡ ಸಂಖ್ಯೆ. 2007ರಲ್ಲಿ ರೌಂಡಪ್ ಎಂಬ ಸ್ವಂತ ಟ್ರ್ಯಾಕರ್‌ಗೆ (ಬಗ್‌ಗಳನ್ನು ದಾಖಲಿಸುವ ಜಾಗಕ್ಕೆ) ಬಂದರು. ಅದೂ ಪೈಥಾನ್‌ನಲ್ಲೇ ಬರೆದದ್ದು. ಕೋಡ್ 2017ರ ಫೆಬ್ರವರಿಯಲ್ಲಿ ಮರ್ಕ್ಯೂರಿಯಲ್ ಎಂಬ ಹಳೇ ವ್ಯವಸ್ಥೆ ಬಿಟ್ಟು ಗಿಟ್‌ಹಬ್ ಜಾಲತಾಣಕ್ಕೆ ಹೋಯಿತು, ಬಗ್‌ಗಳು ಮಾತ್ರ ಹಳೇ ಮನೆಯಲ್ಲೇ ಉಳಿದವು. ಐದು ವರ್ಷ ಕೋಡ್ ಒಂದು ಕಡೆ, ಬಗ್ ಇನ್ನೊಂದು ಕಡೆ. ಕೊನೆಗೆ 2022ರ ಏಪ್ರಿಲ್‌ನಲ್ಲಿ ಬಗ್‌ಗಳನ್ನೂ ಗಿಟ್‌ಹಬ್‌ಗೆ ಸಾಗಿಸಿದರು. ಹಳೇ ಚರ್ಚೆಗಳನ್ನೆಲ್ಲ ಜೊತೆಗೇ ತಂದರು. ಈ ಮಾತು ಮುಖ್ಯ. ಒಂದು ಬಗ್‌ನಲ್ಲಿ ಬಗ್‌ಗಿಂತ ಬೆಲೆಬಾಳುವುದು ಅದರ ಕೆಳಗಿನ ಜಗಳ. ಯಾಕೆ ಹೀಗೆ ಬಿಟ್ಟರು ಅಂತ ಗೊತ್ತಾಗುವುದು ಅಲ್ಲೇ.

ರಾತ್ರಿಪಾಳಿ (ಶನಿವಾರ, ಬೆಳಿಗ್ಗೆ 8:10)

2007ರಿಂದ! ಆಗ ಹುಟ್ಟಿದ ಮಗು ಈಗ ಓಟು ಹಾಕುತ್ತದೆ ಸರ್. ಫ್ರೆಂಚ್ ಪದವನ್ನು ಹೀಗೆ ಕತ್ತರಿಸಿದ್ದರೆ ಒಂದು ವಾರದಲ್ಲಿ ಸರಿಮಾಡುತ್ತಿದ್ದರು.

ಅರ್ಧವಿರಾಮ (ಶನಿವಾರ, ಬೆಳಿಗ್ಗೆ 9:00)

ನಿಮ್ಮ ಸಿಟ್ಟು ಪೂರ್ತಿ ತಪ್ಪಲ್ಲ. ಆದರೆ ಇಲ್ಲಿ ಯಾರೂ ಕನ್ನಡದ ಮೇಲೆ ಹಗೆ ಸಾಧಿಸುತ್ತಿಲ್ಲ. ಬಗ್ ಅಂದರೆ ಏನು? ಮಾತು ಕೊಟ್ಟದ್ದು ಒಂದು, ಮಾಡಿದ್ದು ಇನ್ನೊಂದು. ಹಾಗಾದರೆ ಮಾತು ಏನು ಕೊಟ್ಟಿದ್ದಾರೆ ನೋಡಬೇಕು. ಹಳೇ ಡಾಕ್ಯುಮೆಂಟೇಶನ್‌ನಲ್ಲಿ ‘\ಡಬ್ಲ್ಯೂ’ಗೆ ‘ಯಾವುದೇ ಭಾಷೆಯ ಪದದಲ್ಲಿ ಬರಬಹುದಾದ ಹೆಚ್ಚಿನ ಅಕ್ಷರಗಳು’ ಎಂಬ ಅರ್ಥದ ವಿವರಣೆ ಇತ್ತು. ಅದನ್ನು ಓದಿದರೆ ಮಲ್ಲಿಗೆ ಅವರದ್ದು ಖಂಡಿತ ಬಗ್. ಈಗಿನ ಡಾಕ್ಯುಮೆಂಟೇಶನ್ ‘ಈಸ್‌ಆಲ್‌ನಮ್ (ಅಕ್ಷರವೋ ಅಂಕಿಯೋ ಎಂಬ ಪರೀಕ್ಷೆ) ಯಾವುದನ್ನು ಒಪ್ಪುತ್ತದೋ ಅದು, ಜೊತೆಗೆ ಅಂಡರ್‌ಸ್ಕೋರ್’ ಅನ್ನುತ್ತದೆ. ಇದರ ಪ್ರಕಾರ ಬಗ್ ಅಲ್ಲ. ಕೋಡ್ ಬದಲಾಗಲಿಲ್ಲ, ಮಾತು ಬದಲಾಯಿತು. ನಿಮಗೆ ಇದು ಮೋಸ ಅನ್ನಿಸಬಹುದು. ನನಗೆ ಪ್ರಾಮಾಣಿಕ ಅನ್ನಿಸುತ್ತದೆ. ಮಾಡದೆ ಇರುವುದನ್ನು ಮಾಡುತ್ತೇನೆ ಅನ್ನುವುದಕ್ಕಿಂತ ವಾಸಿ.

ಕೋಡನ್ನೇ ಬದಲಿಸಿದರೆ ಏನಾಗುತ್ತದೆ ಯೋಚಿಸಿ. ಪ್ರಪಂಚದಲ್ಲಿ ಎಷ್ಟು ಪ್ರೋಗ್ರಾಂಗಳು ‘\ಡಬ್ಲ್ಯೂ’ ಮೇಲೆ ನಿಂತಿವೆ? ಯೂಸರ್‌ನೇಮ್ ಚೆಕ್, ವೆಬ್ ವಿಳಾಸ, ಫೈಲ್ ಹೆಸರು. ಇವತ್ತು ತಿರಸ್ಕರಿಸುತ್ತಿರುವುದನ್ನು ನಾಳೆ ಒಪ್ಪಿಕೊಳ್ಳುತ್ತವೆ. ಪೈಥಾನ್‌ನ ಪದ್ಧತಿ ಪ್ರಕಾರ ನಡವಳಿಕೆ ಬದಲಿಸುವ ಮುಂಚೆ ಕನಿಷ್ಠ ಎರಡು ಆವೃತ್ತಿ ಎಚ್ಚರಿಕೆ ಕೊಡಬೇಕು, ಅದು ಪೆಪ್ 387. ಇದಕ್ಕೆ ಎಚ್ಚರಿಕೆ ಹೇಗೆ ಕೊಡುತ್ತೀರಿ? ‘\ಡಬ್ಲ್ಯೂ’ ಇರುವ ಪ್ರತಿ ಸಾಲಿಗೂ ವಾರ್ನಿಂಗ್ ಹಾಕಿದರೆ ಲೋಕವೆಲ್ಲ ಕಿರುಚುತ್ತದೆ.

ಫ್ರೀಮಾಂಟ್_ಕನ್ನಡಿಗ (ಶನಿವಾರ, ರಾತ್ರಿ 9:15)

ಇಲ್ಲಿ ಬೆಳಗಾಯಿತು, ಈಗ ನೋಡಿದೆ. ಬೇರೆ ಪ್ರೋಗ್ರಾಮಿಂಗ್ ಭಾಷೆಗಳ ಕಥೆಯನ್ನೂ ಸ್ವಲ್ಪ ಹೇಳುತ್ತೇನೆ. ಪರ್ಲ್‌ನ ‘\ಡಬ್ಲ್ಯೂ’ ಗುರುತುಗಳನ್ನೂ ಸೇರಿಸಿಕೊಳ್ಳುತ್ತದೆ. ರಸ್ಟ್‌ನ ರೆಜೆಕ್ಸ್ ಲೈಬ್ರರಿಯೂ ಅಷ್ಟೇ. ಜಾವಾದಲ್ಲಿ ಒಂದು ಫ್ಲ್ಯಾಗ್ ಹಾಕಿದರೆ ಆಗುತ್ತದೆ. ಗೋ ಮತ್ತು ಜಾವಾಸ್ಕ್ರಿಪ್ಟ್‌ನಲ್ಲಿ ‘\ಡಬ್ಲ್ಯೂ’ ಅಂದರೆ ಇಂಗ್ಲಿಷ್ ಅಕ್ಷರ ಮಾತ್ರ, ‘ಕಮಲ’ ಕೂಡ ಸಿಗುವುದಿಲ್ಲ. ನನ್ನ ಪ್ರಕಾರ ಪೈಥಾನ್‌ನದ್ದೇ ಹೆಚ್ಚು ಅಪಾಯ. ಪೂರ್ತಿ ಕೆಟ್ಟಿದ್ದರೆ ಮೊದಲ ದಿನವೇ ಗೊತ್ತಾಗುತ್ತದೆ. ಅರ್ಧ ಸರಿ ಇರುವುದು ಥೀಸಿಸ್ ಮುಗಿಯುವ ತನಕ ಗೊತ್ತಾಗುವುದಿಲ್ಲ.

‘ಬಗ್ ಯಾವುದು’ ಅನ್ನುವ ಮಾತಿಗೆ ಒಂದು ಒಳ್ಳೆ ಉದಾಹರಣೆ ಇದೆ. ಟಿಮ್ ಪೀಟರ್ಸ್ 2002ರಲ್ಲಿ ಪೈಥಾನ್‌ಗೆ ಟಿಮ್‌ಸಾರ್ಟ್ ಎಂಬ, ಪಟ್ಟಿಯನ್ನು ಕ್ರಮವಾಗಿ ಜೋಡಿಸುವ ಅಲ್ಗಾರಿದಂ ಬರೆದರು. ಆಮೇಲೆ ಜಾವಾದವರೂ ಅದನ್ನೇ ತೆಗೆದುಕೊಂಡರು. 2015ರಲ್ಲಿ ಯುರೋಪಿನ ಕೆಲವು ಸಂಶೋಧಕರು ‘ಈ ಅಲ್ಗಾರಿದಂ ಸರಿ ಇದೆ’ ಅಂತ ಗಣಿತದ ರೀತಿಯಲ್ಲಿ ಸಾಧಿಸಲು ಹೊರಟರು. ‘ಕೀ’ ಎಂಬ ಟೂಲ್ ಬಳಸಿದರು. ಸಾಧನೆ ಒಂದು ಕಡೆ ಸಿಕ್ಕಿಹಾಕಿಕೊಂಡಿತು. ಯಾಕಪ್ಪಾ ಅಂತ ನೋಡಿದರೆ ಅಲ್ಗಾರಿದಂ ತಪ್ಪಿತ್ತು! ಜಾವಾದಲ್ಲಿ 6.7 ಕೋಟಿ ಅಂಶಗಳ ಒಂದು ಪಟ್ಟಿಯನ್ನು ಬೇಕಂತಲೇ ಜೋಡಿಸಿ ಕೊಟ್ಟರೆ ಪ್ರೋಗ್ರಾಂ ಬಿದ್ದುಹೋಗುತ್ತಿತ್ತು. ಪೈಥಾನ್‌ನಲ್ಲಿ ಒಳಗಿನ ಜಾಗ ಹೆಚ್ಚು ಇಟ್ಟಿದ್ದರಿಂದ 2ರ 49ನೇ ಘಾತದಷ್ಟು ಅಂಶ ಬೇಕಿತ್ತು, ಅಂದರೆ ಸುಮಾರು 563 ಲಕ್ಷ ಕೋಟಿ. ಅಷ್ಟು ಮೆಮೊರಿ ಯಾರ ಮನೆಯಲ್ಲಿದೆ? ಯಾರಿಗೂ ಎಂದೂ ತಗಲದ ಬಗ್. ಆದರೂ ಪೈಥಾನ್‌ನವರು ಸರಿಮಾಡಿದರು. ಯಾಕೆಂದರೆ ಎರಡು ಸಾಲು ಬದಲಿಸಿದರೆ ಮುಗಿಯುತ್ತಿತ್ತು, ಯಾರ ಪ್ರೋಗ್ರಾಮೂ ಕೆಡುತ್ತಿರಲಿಲ್ಲ.

ಯಾರಿಗೂ ತಗಲದ ಬಗ್ ಬೇಗ ಸರಿಹೋಯಿತು. ಕೋಟ್ಯಂತರ ಜನರ ಭಾಷೆಗೆ ತಗಲುವುದು ಕೂತಿದೆ. ತೊಂದರೆ ಎಷ್ಟು ದೊಡ್ಡದು ಅಂತ ನೋಡಿ ಸರದಿ ಬರುವುದಿಲ್ಲ. ರಿಪೇರಿಗೆ ಎಷ್ಟು ಖರ್ಚು, ಆ ಖರ್ಚು ಯಾರ ತಲೆ ಮೇಲೆ ಬೀಳುತ್ತದೆ ಅಂತ ನೋಡಿ ಬರುತ್ತದೆ.

ರಾತ್ರಿಪಾಳಿ (ಭಾನುವಾರ, ಬೆಳಗಿನ ಜಾವ 1:30)

ಹಳೇ ಪ್ರೋಗ್ರಾಂ ಕೆಡಬಾರದು ಅನ್ನುವ ನಿಯಮ ಬೇಕಾದಾಗ ಮಾತ್ರ ನೆನಪಾಗುತ್ತದೆ. 2022ರ ಸೆಪ್ಟೆಂಬರ್ ನೆನಪಿದೆಯಾ? ಪೈಥಾನ್ 3.10.7 ಬಂತು. ಚಿಕ್ಕ ಅಪ್‌ಡೇಟ್ ಅಂತ ಹಾಕಿಕೊಂಡರೆ, 4,300 ಅಂಕಿಗಿಂತ ದೊಡ್ಡ ಸಂಖ್ಯೆಯನ್ನು ಪ್ರಿಂಟ್ ಮಾಡಲು ಹೋದಾಗ ಎರರ್! ಹಳೇ 3.7, 3.8, 3.9ಕ್ಕೂ ಅದೇ ಬದಲಾವಣೆ ಹಾಕಿದರು. ಅಲ್ಲಿ ಎರಡು ಆವೃತ್ತಿ ಎಚ್ಚರಿಕೆ ಎಲ್ಲಿ ಹೋಯಿತು?

ಹಳೇ_ಪೆಂಗ್ವಿನ್ (ಭಾನುವಾರ, ಬೆಳಿಗ್ಗೆ 8:40)

ಅದು ಭದ್ರತೆಯ ವಿಷಯ ಮಾರಾಯರೇ. ಅಂಕಿಗಳ ಉದ್ದ ಎರಡು ಪಟ್ಟಾದರೆ ಸಂಖ್ಯೆಯನ್ನು ಪಠ್ಯವಾಗಿ ಬದಲಿಸುವ ಸಮಯ ನಾಲ್ಕು ಪಟ್ಟಾಗುತ್ತದೆ. ಯಾರೋ ಒಬ್ಬ ಲಕ್ಷಾಂತರ ಅಂಕಿಯ ಸಂಖ್ಯೆಯನ್ನು ನಿಮ್ಮ ವೆಬ್‌ಸೈಟ್‌ಗೆ ಕಳಿಸುತ್ತಾ ಕೂತರೆ ಸರ್ವರ್ ಉಸಿರು ಕಟ್ಟುತ್ತದೆ. ಅದಕ್ಕೇ ಮಿತಿ ಹಾಕಿದರು. ಬೇಕಾದವರು ಒಂದು ಸಾಲಿನಲ್ಲಿ ಮಿತಿ ತೆಗೆದುಹಾಕಬಹುದು. ಗಣಿತದವರು ಬೇಜಾರು ಮಾಡಿಕೊಂಡರು, ಅದೂ ನ್ಯಾಯವೇ. ಅಂದ ಹಾಗೆ ಹೊಸಬರಿಗೆ ಒಂದು ಮಾತು: ಭದ್ರತೆಗೆ ಸಂಬಂಧಿಸಿದ ಬಗ್ ಸಿಕ್ಕರೆ ಎಲ್ಲರೂ ನೋಡುವ ಟ್ರ್ಯಾಕರ್‌ನಲ್ಲಿ ಹಾಕಬೇಡಿ. ಅದಕ್ಕೆ ಬೇರೆ ತಂಡ, ಬೇರೆ ದಾರಿ ಇದೆ. ಕಳ್ಳನಿಗೆ ಬಾಗಿಲು ತೋರಿಸಿದಂತಾಗಬಾರದು.

ಇನ್ನು ಮಲ್ಲಿಗೆ ಅವರು ‘ಯಾರಿಗೆ ಹೇಳಬೇಕು’ ಎಂದು ಕೇಳಿದ್ದರು. ಸ್ವಲ್ಪ ಉದ್ದ ಆಗುತ್ತದೆ, ಟೀ ಇಟ್ಟುಕೊಂಡು ಓದಿ.

ವರದಿ ಬಂದ ಕೂಡಲೇ ಟ್ರಯಾಜ್ ಮಾಡುವವರು ನೋಡುತ್ತಾರೆ. ಆಸ್ಪತ್ರೆಯ ಬಾಗಿಲಲ್ಲಿ ಚೀಟಿ ಬರೆದು ಯಾವ ಡಾಕ್ಟರ್ ಹತ್ತಿರ ಹೋಗಬೇಕು ಅನ್ನುವವರ ಹಾಗೆ. ಕೋಡ್ ಸೇರಿಸುವ ಅಧಿಕಾರ ಇವರಿಗೆ ಇರಬೇಕಾಗಿಲ್ಲ. ಇದು ಬಗ್ಗಾ, ಹೊಸ ಸೌಲಭ್ಯದ ಕೋರಿಕೆಯಾ, ಕ್ರ್ಯಾಶಾ ಅಂತ ಲೇಬಲ್ ಹಚ್ಚುತ್ತಾರೆ. ಈ ಲೇಬಲ್ ಸಣ್ಣ ವಿಷಯ ಅಲ್ಲ. ಬಗ್ ಅಂದರೆ ಹಳೇ ಆವೃತ್ತಿಗಳಿಗೂ ರಿಪೇರಿ ಹೋಗುತ್ತದೆ. ಸೌಲಭ್ಯ ಅಂದರೆ ಮುಂದಿನ ಅಕ್ಟೋಬರ್‌ನ ಹೊಸ ಆವೃತ್ತಿಗೆ ಕಾಯಬೇಕು. ಸೊನ್ನೆ ಪಾಯಿಂಟ್ ಒಂದಕ್ಕೆ ಸೊನ್ನೆ ಪಾಯಿಂಟ್ ಎರಡು ಕೂಡಿದರೆ ಸರಿಯಾಗಿ ಸೊನ್ನೆ ಪಾಯಿಂಟ್ ಮೂರು ಬರುತ್ತಿಲ್ಲ ಅನ್ನುವಂಥ ವರದಿಗಳು ಇಲ್ಲೇ ಮುಚ್ಚಿಹೋಗುತ್ತವೆ, ಕಂಪ್ಯೂಟರ್ ದಶಮಾಂಶ ಇಟ್ಟುಕೊಳ್ಳುವ ರೀತಿಯೇ ಹಾಗೆ, ಬಗ್ ಅಲ್ಲ.

ಆಮೇಲೆ ಕೇಳುವ ಪ್ರಶ್ನೆ: ಮೊದಲು ಸರಿ ಇತ್ತಾ? ಹಿಂದಿನ ಆವೃತ್ತಿಯಲ್ಲಿ ಸರಿ ಇದ್ದು ಈಗ ಕೆಟ್ಟಿದ್ದರೆ ಅದೃಷ್ಟ, ‘ಗಿಟ್ ಬೈಸೆಕ್ಟ್’ ಇದೆ. ಒಳ್ಳೆಯದು ಗೊತ್ತಿರುವ ಒಂದು ಕಮಿಟ್ (ಕೋಡ್‌ನಲ್ಲಿ ದಾಖಲಾದ ಒಂದು ಬದಲಾವಣೆ), ಕೆಟ್ಟದ್ದು ಗೊತ್ತಿರುವ ಒಂದು ಕಮಿಟ್ ಕೊಟ್ಟರೆ ಮಧ್ಯದ್ದನ್ನು ತೆಗೆದು ಕೊಡುತ್ತದೆ. ಬಿಲ್ಡ್ ಮಾಡಿ ನೋಡಿ ಹೇಳಬೇಕು. ಮತ್ತೆ ಅರ್ಧ, ಮತ್ತೆ ಅರ್ಧ. ಸಾವಿರ ಕಮಿಟ್ ಇದ್ದರೂ ಹತ್ತು ಸಲಕ್ಕೆ ಸಿಗುತ್ತದೆ. ಒಂದು ರಾತ್ರಿ ನಾನು ಹೀಗೇ ಹುಡುಕುತ್ತಾ ಹೋಗಿ, ಕೊನೆಗೆ ಸಿಕ್ಕ ಕಮಿಟ್ ನೋಡಿದರೆ ಅದು ನನ್ನದೇ ಆಗಿತ್ತು. ಯಾವ ಪ್ರಾಜೆಕ್ಟ್ ಅಂತ ಹೇಳುವುದಿಲ್ಲ.

ಸರಿಮಾಡುವವರು ಮೊದಲು ಬರೆಯಬೇಕಾದದ್ದು ಟೆಸ್ಟ್. ರಿಪೇರಿಗೆ ಮುಂಚೆ ಆ ಟೆಸ್ಟ್ ಫೇಲ್ ಆಗಬೇಕು, ಆಮೇಲೆ ಪಾಸ್ ಆಗಬೇಕು. ಹೊಸಬರು ರಿಪೇರಿ ಮಾಡಿ ಆಮೇಲೆ ಟೆಸ್ಟ್ ಬರೆಯುತ್ತಾರೆ, ಅದು ಎರಡೂ ಕಡೆ ಪಾಸ್ ಆಗುತ್ತದೆ, ಅಂದರೆ ಅದು ಏನನ್ನೂ ಪರೀಕ್ಷಿಸುತ್ತಿಲ್ಲ. ನಾನೂ ಮಾಡಿದ್ದೇನೆ. ಜೊತೆಗೆ ಒಂದೆರಡು ಸಾಲಿನ ಸುದ್ದಿ ಬರೆಯಬೇಕು, ಅದಕ್ಕೆ ‘ಬ್ಲರ್ಬ್’ ಎಂಬ ಟೂಲ್ ಇದೆ. ಮೊದಲು ಎಲ್ಲರೂ ಒಂದೇ ಸುದ್ದಿ ಫೈಲಿಗೆ ಬರೆಯುತ್ತಿದ್ದರು, ಒಬ್ಬರದ್ದು ಇನ್ನೊಬ್ಬರಿಗೆ ಡಿಕ್ಕಿ. ಈಗ ಪ್ರತಿ ಬದಲಾವಣೆಗೂ ಬೇರೆ ಚಿಕ್ಕ ಫೈಲ್. ಮೊದಲ ಸಲ ಆದರೆ ಲೈಸೆನ್ಸ್ ಒಪ್ಪಂದಕ್ಕೆ ಸಹಿ ಹಾಕಬೇಕು. ಆಮೇಲೆ ರಿವ್ಯೂ. ಕೋಡ್ ಸೇರಿದ ಮೇಲೆ ಹಳೇ ಆವೃತ್ತಿಗಳಿಗೆ ಅದನ್ನು ದಾಟಿಸುವ ಕೆಲಸ ‘ಮಿಸ್ ಇಸ್ಲಿಂಗ್ಟನ್’ ಎಂಬ ಬಾಟ್‌ನದ್ದು, ಅಂದರೆ ತಾನಾಗೇ ಕೆಲಸ ಮಾಡುವ ಪ್ರೋಗ್ರಾಂನದ್ದು. ಪೈಥಾನ್ ಎಂಬ ಹೆಸರು ಹಾವಿನದ್ದಲ್ಲ, ಮಾಂಟಿ ಪೈಥಾನ್ ಎಂಬ ಬ್ರಿಟಿಷ್ ಹಾಸ್ಯ ತಂಡದ್ದು. ಬಾಟ್‌ನ ಹೆಸರೂ ಅವರದೇ ಸಿನಿಮಾದ ಒಂದು ಪಾತ್ರ.

ಬೈಟು_ಕಾಫಿ (ಭಾನುವಾರ, ಬೆಳಿಗ್ಗೆ 9:05)

ಟೀ ಇಟ್ಟುಕೊಂಡು ಓದಿ ಅಂದರಲ್ಲ, ಎರಡು ಲೋಟ ಬೇಕಾಯಿತು.

ಒಂದು ಅನುಮಾನ. ‘ಮತ್ತು’ ಅನ್ನುವ ಪದವನ್ನು ಈ ಕತ್ತರಿಗೆ ಕೊಟ್ಟರೆ ಏನು ಬರುತ್ತದೆ?

ಮಲ್ಲಿಗೆ_ಹಂಬು (ಭಾನುವಾರ, ಬೆಳಿಗ್ಗೆ 9:31)

‘ಮತ’, ‘ತ’.

ಅಯ್ಯೋ ದೇವರೇ. ‘ಮತ್ತೆ’ಗೂ ಅದೇ. ಗೈಡ್‌ಗೆ ಕಳಿಸಿದ ಪ್ಯಾರಾ!

ರಾತ್ರಿಪಾಳಿ (ಭಾನುವಾರ, ಬೆಳಿಗ್ಗೆ 9:40)

ಚುನಾವಣೆ ವಿಶ್ಲೇಷಣೆ ಕೈಕೊಟ್ಟಿತು. ಬೇಜಾರಾಗಬೇಡಿ, ಟಿವಿಯಲ್ಲಿ ಇದಕ್ಕಿಂತ ಕಡಿಮೆ ಆಧಾರದಲ್ಲಿ ಮಾತಾಡುತ್ತಾರೆ.

ಅರ್ಧವಿರಾಮ (ಭಾನುವಾರ, ಬೆಳಿಗ್ಗೆ 10:10)

ಫ್ರೀಮಾಂಟ್ ಅವರು ಅರ್ಧ ಸರಿ ಇರುವುದೇ ಅಪಾಯ ಅಂದದ್ದು ಇದಕ್ಕೇ. ‘ಗಳ’ ಕಸ ಅಂತ ಕಣ್ಣಿಗೆ ಬಿತ್ತು. ‘ಮತ’ ಅರ್ಥವಿರುವ ಪದ, ಹಾಗಾಗಿ ನಂಬಿದಿರಿ. ಇದೇ ರೀತಿ ಪೂರ್ತಿ ಪದ ಮಾತ್ರ ಬೇಕು ಅಂತ ‘\ಬಿ’ (ಪದದ ಅಂಚು) ಹಾಕಿ ‘ಮನ’ ಹುಡುಕಿದರೆ ‘ಮನೆ’ ಕೂಡ ಸಿಗುತ್ತದೆ. ಸೈಕಿಟ್-ಲರ್ನ್ ಎಂಬ ಮಷಿನ್ ಲರ್ನಿಂಗ್ ಲೈಬ್ರರಿ ಬಳಸುವವರು ಇನ್ನೂ ಹುಷಾರಾಗಿರಿ. ಅದರ ಪದ ಎಣಿಸುವ ಟೂಲ್ ಕೌಂಟ್‌ವೆಕ್ಟರೈಸರ್ ಮೊದಲಿಂದಲೇ ಇಟ್ಟುಕೊಂಡಿರುವ ನಿಯಮ ‘ಕನಿಷ್ಠ ಎರಡು \ಡಬ್ಲ್ಯೂ’. ‘ಬೆಂಗಳೂರು’ ಕೊಟ್ಟರೆ ಉಳಿಯುವುದು ‘ಗಳ’ ಒಂದೇ. ಕನ್ನಡದ ಮಾಡೆಲ್ ಮಾಡಿದೆವು ಅನ್ನುವವರು ಎಷ್ಟು ಜನ ಈ ನಿಯಮವನ್ನು ಬದಲಿಸಿದ್ದಾರೋ.

ಈಗ ಪರಿಹಾರ. ಒಂದು, ‘ರೆಜೆಕ್ಸ್’ ಎಂಬ ಹೊರಗಿನ ಮಾಡ್ಯೂಲ್ ಹಾಕಿಕೊಳ್ಳಿ, ಅದರ ‘\ಡಬ್ಲ್ಯೂ’ ಗುರುತುಗಳನ್ನು ಒಪ್ಪುತ್ತದೆ. ಎರಡು, ಏನೂ ಹಾಕದೆ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಕೊಟ್ಟಿರುವ 128 ಜಾಗಗಳ ಸಾಲನ್ನೇ ಚೌಕ ಆವರಣದಲ್ಲಿ ಬರೆಯಿರಿ. ಕನ್ನಡ ಮಾತ್ರ ಬೇಕು ಅನ್ನುವವರಿಗೆ ನನ್ನ ಸಲಹೆ ಇದೇ. ಆದರೆ ಜೊತೆಗೆ ಶೂನ್ಯ ಅಗಲದ ನಾನ್-ಜಾಯ್ನರ್ ಸೇರಿಸಲು ಮರೆಯಬೇಡಿ. ಅದು ಕಣ್ಣಿಗೆ ಕಾಣುವುದಿಲ್ಲ. ‘ಸಾಫ್ಟ್‌ವೇರ್’ ಅಂತ ಬರೆಯುವಾಗ ‘ವೇ’ ಒತ್ತಕ್ಷರ ಆಗದಂತೆ ನಡುವೆ ಕೂರುವುದು ಅದೇ. ಅದು ಕನ್ನಡದ 128ರ ಒಳಗಿಲ್ಲ. ಬಿಟ್ಟರೆ ‘ಸಾಫ್ಟ್’ ಬೇರೆ, ‘ವೇರ್’ ಬೇರೆ ಆಗುತ್ತದೆ.

ಫ್ರೀಮಾಂಟ್_ಕನ್ನಡಿಗ (ಭಾನುವಾರ, ಬೆಳಿಗ್ಗೆ 11:00)

ಆ ಕಾಣದ ಅಕ್ಷರದ ಬಗ್ಗೆ ಒಂದು ಒಳ್ಳೆ ಮಾತೂ ಹೇಳಬೇಕು. ವೇರಿಯಬಲ್ ಹೆಸರಲ್ಲಿ ಅದು ಬಂದರೆ ಪೈಥಾನ್ ಒಪ್ಪುವುದಿಲ್ಲ. ಮೊದಲು ‘ಹೆಸರಿನಲ್ಲಿ ಸಲ್ಲದ ಅಕ್ಷರ’ ಅಂತಷ್ಟೇ ಬೈಯುತ್ತಿತ್ತು. ಕಾಣದ ಅಕ್ಷರವನ್ನು ಎಲ್ಲಿ ಅಂತ ಹುಡುಕುವುದು? ಈಗ ‘ಕಣ್ಣಿಗೆ ಕಾಣದ ಅಕ್ಷರ’ ಅಂತ ಹೇಳಿ, ಅದರ ಯೂನಿಕೋಡ್ ಸಂಖ್ಯೆಯನ್ನೂ ಕೊಡುತ್ತದೆ. ನಡವಳಿಕೆ ಬದಲಾಗಲಿಲ್ಲ, ಎರರ್ ಮೆಸೇಜ್ ಮಾತ್ರ ಬದಲಾಯಿತು. ಈ ತರದ ರಿಪೇರಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಆದರೆ ನನ್ನ ಅರ್ಧ ದಿನ ಉಳಿಸಿದೆ.

ಕಡಲತಡಿ (ಭಾನುವಾರ, ಮಧ್ಯಾಹ್ನ 3:20)

ಮಂಗಳೂರಿನಿಂದ ಒಂದು ಪ್ರಶ್ನೆ. ತುಳು-ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡ್ 16ಕ್ಕೆ ಸೇರಿತು, ನಮಗೆಲ್ಲ ಭಾರಿ ಖುಷಿ. ಆದರೆ ಪೈಥಾನ್ 3.13ರಲ್ಲಿ ಅದರ ಒಂದು ಅಕ್ಷರ ಕೊಟ್ಟು ‘ಈಸ್‌ಆಲ್ಫಾ’ ಕೇಳಿದರೆ ‘ಫಾಲ್ಸ್’. ಕಾಗುಣಿತ ಅಲ್ಲ, ಮೂಲ ಅಕ್ಷರಕ್ಕೇ! ಇದಾದರೂ ಬಗ್ ಹೌದಲ್ವಾ?

ಹಳೇ_ಪೆಂಗ್ವಿನ್ (ಭಾನುವಾರ, ಮಧ್ಯಾಹ್ನ 4:00)

ಅಲ್ಲ, ಅದು ಕ್ಯಾಲೆಂಡರ್. ಪೈಥಾನ್ ಒಳಗೆ ಯೂನಿಕೋಡ್‌ನ ಒಂದು ಪಟ್ಟಿ ಇರುತ್ತದೆ. 3.13ರಲ್ಲಿರುವುದು 15.1ರ ಪಟ್ಟಿ, ಅದಕ್ಕೆ ನಿಮ್ಮ ಅಕ್ಷರ ಹುಟ್ಟಿಯೇ ಇಲ್ಲ. 3.14ರಲ್ಲಿ 16.0ರ ಪಟ್ಟಿ ಇದೆ, ಅಲ್ಲಿ ಕೇಳಿ ನೋಡಿ. 3.13ರ ಚಿಕ್ಕ ಅಪ್‌ಡೇಟ್‌ಗಳಲ್ಲಿ ಈ ಪಟ್ಟಿ ಬದಲಿಸುವುದಿಲ್ಲ. ನೀವು ವರದಿ ಮಾಡಿದ್ದರೆ ಎರಡು ಸಾಲಿನ ಉತ್ತರ ಕೊಟ್ಟು ಮುಚ್ಚುತ್ತಿದ್ದರು, ನಿಮಗೆ ಅವಮಾನ ಆದ ಹಾಗೆ ಅನ್ನಿಸುತ್ತಿತ್ತು. ಹಾಗೆ ಅಂದುಕೊಳ್ಳಬೇಡಿ.

ಕಡಲತಡಿ (ಭಾನುವಾರ, ಮಧ್ಯಾಹ್ನ 4:45)

3.14 ಹಾಕಿದೆ. ‘ಟ್ರೂ’ ಬಂತು ಮಾರಾಯ್ರೆ!

ರಾತ್ರಿಪಾಳಿ (ಭಾನುವಾರ, ರಾತ್ರಿ 11:50)

ಎಲ್ಲ ಸರಿ. ಆದರೆ ಎರಡು ಸಾಲಿನ ಉತ್ತರವಾದರೂ ಸಿಕ್ಕರೆ ಪುಣ್ಯ. ನಾನು ಒಂದು ಓಪನ್ ಸೋರ್ಸ್ ಪ್ರಾಜೆಕ್ಟ್‌ಗೆ, ಹೆಸರು ಬೇಡ, ಚಿಕ್ಕ ಪ್ಯಾಚ್ (ರಿಪೇರಿಯ ಕೋಡ್) ಕಳಿಸಿದೆ. ಟೆಸ್ಟ್ ಹಾಕಿದ್ದೆ, ಸುದ್ದಿ ಬರೆದಿದ್ದೆ. ಹದಿನಾಲ್ಕು ತಿಂಗಳು ಒಂದು ಪ್ರಾಣಿ ತಿರುಗಿ ನೋಡಲಿಲ್ಲ. ಆಮೇಲೆ ಒಂದು ಬಾಟ್ ಬಂದು ‘ಇದು ಹಳೆಯದಾಗಿದೆ’ ಅಂತ ಮುಚ್ಚಿತು. ಯಾರಿಂದ ಹಳೆಯದಾಯಿತು?

ಹಳೇ_ಪೆಂಗ್ವಿನ್ (ಸೋಮವಾರ, ಬೆಳಿಗ್ಗೆ 6:50)

ಇದಕ್ಕೆ ನನ್ನ ಹತ್ತಿರ ಸಮಾಧಾನ ಇಲ್ಲ. ಬಗ್ ಬರೆಯುವವರು ಸಾವಿರಾರು, ಪ್ಯಾಚ್ ಕಳಿಸುವವರು ನೂರಾರು, ಕೂತು ಓದಿ ‘ಹೂಂ’ ಅನ್ನುವವರು ಬೆರಳೆಣಿಕೆ. ಅವರೂ ಹೆಚ್ಚಿನವರು ಕೆಲಸ ಮುಗಿಸಿ, ಮಕ್ಕಳನ್ನು ಮಲಗಿಸಿ ಕೂರುವವರು. ಪೈಥಾನ್ ಫೌಂಡೇಶನ್ 2021ರಲ್ಲಿ ಸಂಬಳ ಕೊಟ್ಟು ವುಕಾಶ್ ಲಾಂಗಾ ಅವರನ್ನು ನೇಮಿಸಿಕೊಂಡಿತು. ಬಾಕಿ ಬಿದ್ದ ಪ್ಯಾಚ್‌ಗಳನ್ನು ನೋಡುವುದೂ ಅವರ ಕೆಲಸವಾಗಿತ್ತು. ಅಂದರೆ ಹೊಸದನ್ನು ಬರೆಯುವುದಕ್ಕಲ್ಲ, ಬಂದದ್ದನ್ನು ಓದುವುದಕ್ಕೇ ಸಂಬಳ ಕೊಡಬೇಕಾಯಿತು. ನಿಮ್ಮ ಪ್ಯಾಚ್‌ಗೆ ಹಾಗೆ ಆಗಬಾರದಿತ್ತು. ಒಂದೇ ಉಪಾಯ ಗೊತ್ತು. ನಾನು ನನ್ನದೊಂದು ಕಳಿಸುವ ಮುಂಚೆ ಬೇರೆಯವರ ಎರಡು ಪ್ಯಾಚ್ ಹಾಕಿಕೊಂಡು ಓಡಿಸಿ ನೋಡುತ್ತೇನೆ, ‘ನನ್ನ ಯಂತ್ರದಲ್ಲಿ ಹೀಗೆ ಬಂತು’ ಅಂತ ಬರೆಯುತ್ತೇನೆ. ಅವರಿಗೆ ಉಪಯೋಗ ಆಗುತ್ತದೆ, ನನ್ನ ಹೆಸರೂ ನಾಲ್ಕು ಜನರಿಗೆ ಗೊತ್ತಾಗುತ್ತದೆ.

ಮಲ್ಲಿಗೆ_ಹಂಬು (ಗುರುವಾರ, ರಾತ್ರಿ 10:20)

ನಾಲ್ಕು ದಿನ ಮಾಯವಾಗಿದ್ದಕ್ಕೆ ಕ್ಷಮಿಸಿ. ಪೈಥಾನ್‌ಗೆ ವರದಿ ಮಾಡಲಿಲ್ಲ. ಹಳೇ ಎರಡು ಚರ್ಚೆಗಳನ್ನು ಪೂರ್ತಿ ಓದಿದೆ, ನಿಘಂಟು ಇಟ್ಟುಕೊಂಡು. ನಾನು ‘ನಂಗೂ ಹೀಗೇ ಆಗ್ತಿದೆ’ ಅಂತ ಬರೆದರೆ ಅಲ್ಲಿ ಏನೂ ಸೇರಿಸಿದಂತಾಗುವುದಿಲ್ಲ ಅನ್ನಿಸಿತು.

ಆದರೆ ಕನ್ನಡ ಪಠ್ಯಕ್ಕಾಗಿಯೇ ಯಾರೋ ಬರೆದ ಒಂದು ಪುಟ್ಟ ಲೈಬ್ರರಿ ಇದೆ. ಅದರೊಳಗೂ ಪದ ಬಿಡಿಸಲು ಇದೇ ‘\ಡಬ್ಲ್ಯೂ’ ಇತ್ತು. ಅಲ್ಲಿ ವರದಿ ಮಾಡಿದೆ. ಕೊಟ್ಟಿದ್ದು, ಬಂದಿದ್ದು, ಬರಬೇಕಿದ್ದದ್ದು, ಮೂರೇ ಸಾಲು. ಮೊದಲು ಫೇಲ್ ಆಗುವ ಟೆಸ್ಟ್ ಬರೆದೆ: ಕನ್ನಡ, ಬೆಂಗಳೂರು, ಮತ್ತು, ಸಾಫ್ಟ್‌ವೇರ್. ಆಮೇಲೆ ಅರ್ಧವಿರಾಮ ಸರ್ ಹೇಳಿದ ಸಾಲನ್ನು ಹಾಕಿ ಕಳಿಸಿದೆ. ಇವತ್ತು ಬೆಳಿಗ್ಗೆ ಸೇರಿಸಿಕೊಂಡರು. ಅದನ್ನು ನಡೆಸುವವರು ‘ಗುಣಿತಾಕ್ಷರದ ಟೆಸ್ಟ್ ಇಷ್ಟು ದಿನ ಯಾಕೆ ಇರಲಿಲ್ಲ ಅಂತ ನನಗೇ ನಾಚಿಕೆ ಆಯಿತು’ ಎಂದು ಬರೆದಿದ್ದಾರೆ.

ಪಟ್ಟಿಯ ಮೇಲೆ ಈಗ ‘ಮತ್ತು’, ‘ಈ’, ‘ಎಂದು’, ‘ಆದರೆ’ ಇವೆ. ‘ಮತ’ ಬಂದಿರುವುದು ಹನ್ನೊಂದು ಸಲ. ಗೈಡ್‌ಗೆ ತಿದ್ದುಪಡಿ ಕಳಿಸಿದೆ. ಅವರು ಆ ಪ್ಯಾರಾ ಇನ್ನೂ ಓದಿರಲಿಲ್ಲವಂತೆ.

ಬೈಟು_ಕಾಫಿ (ಗುರುವಾರ, ರಾತ್ರಿ 10:24)

ಮತ್ತೆ ‘ಗಳ’?

ಮಲ್ಲಿಗೆ_ಹಂಬು (ಗುರುವಾರ, ರಾತ್ರಿ 10:31)

ಎರಡು ಸಲ. ಎರಡೂ ನಿಜವಾಗಿ ಬಿದಿರಿನದ್ದೇ.